304 ತೊಟ್ಟಿ: ವೆಲ್ಡ್ ಗಟ್ಟಿಯಾಗಿದೆ, ಪಕ್ಕದ ಪ್ಲೇಟ್ ಯಾಕೆ ಸೀಳಿತು?

ತೊಟ್ಟಿ ಕೆಲಸ ಬರೆದದ್ದು:

ಎಲ್ಲರಿಗೂ ನಮಸ್ಕಾರ. ಎರಡು ವಾರದಿಂದ ಒಂದು ವಿಷಯ ತಲೆ ತಿನ್ನುತ್ತಿದೆ. ತಿಳಿದವರು ದಯವಿಟ್ಟು ಹೇಳಿ.

ನಾವು ಕಟ್ಟಿಕೊಟ್ಟ ಒಂದು ಸ್ಟೇನ್‌ಲೆಸ್ ತೊಟ್ಟಿ ಇದೆ. 304 ಅನ್ನುವ ದರ್ಜೆಯ ಪ್ಲೇಟ್, 8 ಮಿ.ಮೀ. ದಪ್ಪ. ಒಳಗೆ ಬಿಸಿ ನೈಟ್ರಿಕ್ ಆಸಿಡ್, ಸುಮಾರು 80 ಡಿಗ್ರಿ. 14 ತಿಂಗಳು ಒಂದು ಹನಿ ಸೋರದೆ ನಡೆಯಿತು, ಆಮೇಲೆ ಕೆಳಗಿನ ಅಡ್ಡ ಜೋಡಣೆಯ ಹತ್ತಿರ ಒದ್ದೆ ಕಾಣಿಸಿತು. ನಾನು ಮೊದಲು ಅಂದುಕೊಂಡದ್ದು ವೆಲ್ಡ್‌ನಲ್ಲೇ ತೂತು ಬಿದ್ದಿದೆ ಅಂತ. ತೊಟ್ಟಿ ಖಾಲಿ ಮಾಡಿಸಿ, ಚೆನ್ನಾಗಿ ತೊಳೆಸಿ, ಒಳಗೆ ಇಳಿದು ನೋಡಿದರೆ ವೆಲ್ಡ್ ಬೀಡ್, ಅಂದರೆ ಕರಗಿಸಿ ತುಂಬಿದ ಲೋಹದ ಸಾಲು, ಹೊಸದರ ಹಾಗೆ ಇದೆ. ಬೀಡ್‌ನ ಅಂಚಿನಿಂದ 4-5 ಮಿ.ಮೀ. ಬಿಟ್ಟು, ಎರಡೂ ಪಕ್ಕದಲ್ಲಿ, ರೈಲು ಹಳಿಯ ಹಾಗೆ ಎರಡು ಮಂಕು ಗೆರೆಗಳು. ಸೀಳಿನೊಳಗೆ ಇಳಿದು ಅದನ್ನು ತೋರಿಸುವ ಕೆಂಪು ಬಣ್ಣ, ಡೈ ಪೆನೆಟ್ರೆಂಟ್, ಹಾಕಿದರೆ ಆ ಗೆರೆಗಳು ಪೂರ್ತಿ ಕೆಂಪಾದವು.

ವಿಚಿತ್ರ ಏನೆಂದರೆ ಉಳಿದ ಕಡೆ ಪ್ಲೇಟ್ ಸವೆದೇ ಇಲ್ಲ. ಗೇಜ್ ಇಟ್ಟರೆ ಎಲ್ಲೆಡೆ 7.9, 8 ಅಂತಲೇ ಬರುತ್ತದೆ. ಆದರೆ ಆ ಗೆರೆಯನ್ನು ಸ್ಕ್ರೂಡ್ರೈವರ್ ತುದಿಯಿಂದ ಕೆರೆದರೆ ಲೋಹ ಸಕ್ಕರೆಯ ಹಾಗೆ ಪುಡಿಪುಡಿಯಾಗಿ ಉದುರುತ್ತದೆ. ಕೈಯಲ್ಲಿ ತಿಕ್ಕಿ ನೋಡಿದೆ. ತುಕ್ಕಿನ ಪುಡಿ ಅಲ್ಲ, ಹೊಳೆಯುವ ಕಣಗಳು. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಬೇರೆ ಕಡೆ ಠಣ್ ಅನ್ನುತ್ತದೆ, ಅಲ್ಲಿ ಬರೀ ಠಪ್.

ಪ್ಲೇಟ್‌ನ ಟೆಸ್ಟ್ ಸರ್ಟಿಫಿಕೇಟ್‌ನಲ್ಲಿ ಕ್ರೋಮಿಯಂ 18.2, ನಿಕ್ಕಲ್ 8.1, ಇಂಗಾಲ 0.065 ಅಂತ ಇದೆ. ಲೋಹದಲ್ಲಿ ಯಾವ ಧಾತು ಎಷ್ಟಿದೆ ಅಂತ ತೋರಿಸುವ ಎಕ್ಸ್‌ರೇ ಗನ್ ಇಟ್ಟು ನೋಡಿದ್ದೂ ಆಯಿತು, ಗೆರೆಯ ಮೇಲೆಯೇ ಇಟ್ಟೆವು, ಅಲ್ಲೂ 304 ಅಂತಲೇ ತೋರಿಸಿತು. ಪ್ಲೇಟ್ ಕೊಟ್ಟವರು ನಮ್ಮ ಮಾಲು ಸರಿ ಇದೆ ಅನ್ನುತ್ತಾರೆ. ವೆಲ್ಡರ್ ನನ್ನ ವೆಲ್ಡ್ ನೋಡಿ ಸರ್, ಒಂದು ಚುಕ್ಕೆ ಇಲ್ಲ ಅನ್ನುತ್ತಾನೆ. ಇಬ್ಬರು ಹೇಳುವುದೂ ನಿಜವೇ. ಹಾಗಾದರೆ ತಪ್ಪು ಎಲ್ಲಿ? ಆ ಗೆರೆಗಳನ್ನು ಗ್ರೈಂಡ್ ಮಾಡಿ ಮೇಲೆ ಒಂದು ಪಾಸ್, ಅಂದರೆ ಒಂದು ಸಾಲು ವೆಲ್ಡ್, ಹಾಕಿದರೆ ಆಗುತ್ತದಾ?

ಹಳೇ ವೆಲ್ಡರ್ ಉತ್ತರ:

ಮೊದಲು ಕೊನೆಯ ಪ್ರಶ್ನೆಗೆ ಉತ್ತರ ಹೇಳಿಬಿಡುತ್ತೇನೆ. ಮೇಲೆ ವೆಲ್ಡ್ ಹಾಕಬೇಡಿ ಸರ್. ಹಾಕಿದರೆ ಈಗಿರುವ ಗೆರೆ ಮುಚ್ಚುತ್ತದೆ, ಅದರ ಆಚೆ 5 ಮಿ.ಮೀ. ದೂರದಲ್ಲಿ ಇನ್ನೊಂದು ಗೆರೆ ಹುಟ್ಟುತ್ತದೆ. ಇನ್ನೊಂದು ವರ್ಷಕ್ಕೆ ಮತ್ತೆ ಇದೇ ಕಥೆ.

ನೀವು ಬರೆದಿರುವ ಹಳಿಯ ಹಾಗಿನ ಎರಡು ಗೆರೆ, ಸಕ್ಕರೆ ಪುಡಿ, ಠಪ್ ಅನ್ನುವ ಸದ್ದು, ಮೂರೂ ಸೇರಿದರೆ ಅನುಮಾನವೇ ಬೇಡ. ಇದಕ್ಕೆ ವೆಲ್ಡ್ ಡಿಕೇ ಅಂತಾರೆ. ಹರಳುಗಳ ಗಡಿ ಹಿಡಿದು ಆಸಿಡ್ ಒಳಗೆ ಹೋಗಿದೆ.

ಉಕ್ಕು ನೋಡಲು ಒಂದೇ ತುಂಡು, ಆದರೆ ಒಳಗೆ ಸಣ್ಣ ಸಣ್ಣ ಹರಳುಗಳು, ಗ್ರೇನ್ ಅಂತೀವಲ್ಲ, ಅವು ಒತ್ತಿಕೊಂಡು ಕೂತಿರುತ್ತವೆ. ಒಂದೊಂದು ಹರಳು ಹೆಚ್ಚುಕಮ್ಮಿ ಒಂದು ಕೂದಲಿನ ದಪ್ಪದಷ್ಟು, ಎಷ್ಟೋ ಸಲ ಅದಕ್ಕಿಂತ ಚಿಕ್ಕದು. ಒಂದು ಗದ್ದೆ ಬಯಲನ್ನು ಮೇಲಿನಿಂದ ನೋಡಿದ ಹಾಗೆ ಅಂದುಕೊಳ್ಳಿ. ಹರಳು ಅಂದರೆ ಗದ್ದೆ, ಹರಳಿನ ಗಡಿ ಅಂದರೆ ಬದು. ನಿಮ್ಮ ತೊಟ್ಟಿಯಲ್ಲಿ ಗದ್ದೆಗಳೆಲ್ಲ ಚೆನ್ನಾಗಿವೆ. ಹಾಳಾಗಿರುವುದು ಬದು ಮಾತ್ರ.

ಬದು ಯಾಕೆ ಹಾಳಾಯಿತು ಅಂದರೆ, ಅಲ್ಲಿ ಕ್ರೋಮಿಯಂ ಕಡಿಮೆಯಾಯಿತು. ಸ್ಟೇನ್‌ಲೆಸ್ ತುಕ್ಕು ಹಿಡಿಯದೆ ಇರುವುದೇ ಕ್ರೋಮಿಯಂನಿಂದ. ಅದು ಮೇಲೆ ಕೆಲವೇ ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪೊರೆ ಕಟ್ಟುತ್ತದೆ, ಪೊರೆ ಹರಿದರೆ ತಾನೇ ಮತ್ತೆ ಕಟ್ಟಿಕೊಳ್ಳುತ್ತದೆ. ಅದಕ್ಕೆ ಸುಮಾರು 11-12 ಶೇಕಡಾ ಕ್ರೋಮಿಯಂ ಆದರೂ ಬೇಕು. ಈಗ ಉಕ್ಕನ್ನು ಸುಮಾರು 450ರಿಂದ 850 ಡಿಗ್ರಿಯ ನಡುವೆ ಸ್ವಲ್ಪ ಹೊತ್ತು ಇಟ್ಟರೆ ಒಳಗಿರುವ ಇಂಗಾಲ ಸುಮ್ನೆ ಕೂರುವುದಿಲ್ಲ. ಹರಳಿನ ಗಡಿಗೆ ಓಡಿ ಬಂದು ಕ್ರೋಮಿಯಂ ಜೊತೆ ಸೇರಿ ಕಾರ್ಬೈಡ್ ಆಗುತ್ತದೆ. 23 ಕ್ರೋಮಿಯಂ ಪರಮಾಣುಗಳಿಗೆ 6 ಇಂಗಾಲದ ಪರಮಾಣು, ಇದು ಅದರ ಲೆಕ್ಕ. ತೂಕದಲ್ಲಿ ನೋಡಿದರೆ 1 ಗ್ರಾಂ ಇಂಗಾಲ ಹದಿನಾರು ಹದಿನೇಳು ಗ್ರಾಂ ಕ್ರೋಮಿಯಂ ಎಳೆದುಕೊಂಡು ಕೂರುತ್ತದೆ.

ಇಲ್ಲಿ ಒಂದು ಮುಖ್ಯ ವಿಷಯ ಇದೆ. ಇಂಗಾಲದ ಪರಮಾಣು ಚಿಕ್ಕದು, ಬೇರೆ ಪರಮಾಣುಗಳ ಸಂದಿಯಲ್ಲಿ ನುಸುಳಿಕೊಂಡು ದೂರದಿಂದಲೂ ಬೇಗ ಬರುತ್ತದೆ. ಕ್ರೋಮಿಯಂ ದೊಡ್ಡದು, ಅದಕ್ಕೆ ಅಷ್ಟು ಬೇಗ ಸರಿದಾಡಲು ಆಗುವುದಿಲ್ಲ. ಹಾಗಾಗಿ ಇಂಗಾಲ ಇಡೀ ಹರಳಿನಿಂದ ಬರುತ್ತದೆ, ಆದರೆ ಕ್ರೋಮಿಯಂ ಗಡಿಯ ಪಕ್ಕದಿಂದ ಮಾತ್ರ ಖರ್ಚಾಗುತ್ತದೆ. ಖರ್ಚಾದ ಜಾಗಕ್ಕೆ ಹರಳಿನ ಮಧ್ಯದಿಂದ ಹೊಸ ಕ್ರೋಮಿಯಂ ಬಂದು ತುಂಬುವಷ್ಟರಲ್ಲಿ ಪ್ಲೇಟ್ ತಣ್ಣಗಾಗಿರುತ್ತದೆ. ಗಡಿಯ ಎರಡೂ ಬದಿ ಒಂದು ತೆಳ್ಳನೆಯ ಪಟ್ಟಿ ಬಡವಾಗಿ ಉಳಿಯುತ್ತದೆ. 1933ರಲ್ಲೇ ಬೇನ್, ಅಬಾರ್ನ್, ರುದರ್‌ಫೋರ್ಡ್ ಅನ್ನುವ ಮೂವರು ಇದನ್ನು ಬರೆದಿಟ್ಟಿದ್ದಾರೆ, ಇವತ್ತಿಗೂ ಎಲ್ಲರೂ ಒಪ್ಪುವುದು ಅದನ್ನೇ.

ಈಗ ನಿಮ್ಮ ಗನ್ ಯಾಕೆ ಹಿಡಿಯಲಿಲ್ಲ ನೋಡಿ. ನಿಮ್ಮ 0.065 ಇಂಗಾಲ ಪೂರ್ತಿ ಕಾರ್ಬೈಡ್ ಆದರೂ ಹೋಗುವ ಕ್ರೋಮಿಯಂ ಒಟ್ಟಾರೆ ಸುಮಾರು 1 ಶೇಕಡಾ. ಅದೂ ಪ್ಲೇಟ್ ಬಿಟ್ಟು ಎಲ್ಲೂ ಹೋಗಿಲ್ಲ, ಕಾರ್ಬೈಡ್ ಒಳಗೇ ಇದೆ. ಬಡವಾದ ಪಟ್ಟಿಯ ಅಗಲ ಎಷ್ಟೋ ಸಲ ಒಂದು ಮೈಕ್ರೋಮೀಟರ್ ಕೂಡ ಇರುವುದಿಲ್ಲ. ಗನ್ ನೋಡುವುದು ಕೆಲವು ಮಿ.ಮೀ. ಅಗಲದ ಜಾಗದ ಸರಾಸರಿ. ಅದಕ್ಕೆ ಎಲ್ಲ ಸರಿ ಅಂತಲೇ ಕಾಣಬೇಕು. ಇನ್ನೊಂದು ಮಾತು, ಆ ಗನ್‌ಗೆ ಇಂಗಾಲ ಕಾಣುವುದೇ ಇಲ್ಲ, ಅಷ್ಟು ಹಗುರದ ಧಾತುವನ್ನು ಅದು ಅಳೆಯಲಾರದು. 304ಕ್ಕೂ ಕಡಿಮೆ ಇಂಗಾಲದ 304 ಎಲ್‌ಗೂ ಇರುವ ವ್ಯತ್ಯಾಸ ಮುಖ್ಯವಾಗಿ ಇಂಗಾಲವೇ ಅಲ್ವಾ, ಆ ಗನ್ ನಂಬಿ ಎರಡನ್ನೂ ಬೇರೆ ಮಾಡಲು ಆಗುವುದಿಲ್ಲ. ಕಿಡಿ ಹಾರಿಸಿ ನೋಡುವ ಸ್ಪೆಕ್ಟ್ರೋಮೀಟರ್ ಬೇಕು.

ಗೆರೆ ಬೀಡ್‌ಗೆ ತಾಗಿಕೊಂಡು ಬರದೆ 4-5 ಮಿ.ಮೀ. ದೂರ ಯಾಕೆ ಬಂತು ಅಂತಲೂ ಹೇಳಿಬಿಡುತ್ತೇನೆ. ಬೀಡ್‌ನ ಪಕ್ಕದಲ್ಲೇ ಶಾಖ 1000 ಡಿಗ್ರಿ ದಾಟಿರುತ್ತದೆ. ಅಷ್ಟು ಶಾಖದಲ್ಲಿ ಕಾರ್ಬೈಡ್ ನಿಲ್ಲುವುದಿಲ್ಲ, ಆಮೇಲೆ ಆ ಜಾಗ ಅಪಾಯದ ಶಾಖವನ್ನು ಬೇಗ ದಾಟಿ ತಣ್ಣಗಾಗುತ್ತದೆ. ತುಂಬಾ ದೂರದಲ್ಲಿ ಶಾಖವೇ ಸಾಲುವುದಿಲ್ಲ. ನಡುವೆ ಒಂದು ಪಟ್ಟಿ ಮಾತ್ರ 600, 700 ಡಿಗ್ರಿಯಲ್ಲಿ ಜಾಸ್ತಿ ಹೊತ್ತು ಕೂತಿರುತ್ತದೆ. ನಿಮ್ಮ ಹಳಿ ಆ ಪಟ್ಟಿಯೇ.

ನಿಮ್ಮಲ್ಲಿ ಒಂದು ಪ್ರಶ್ನೆ. ಆ ಜೋಡಣೆಗೆ ಎಷ್ಟು ಪಾಸ್ ಹಾಕಿದ್ದೀರಿ? ರಿಪೇರಿ ಏನಾದರೂ ಆಗಿತ್ತಾ?

ತೊಟ್ಟಿ ಕೆಲಸ ಉತ್ತರ:

ಅಣ್ಣ, ತುಂಬಾ ಧನ್ಯವಾದ. ಬದುವಿನ ಮಾತು ಓದಿದ ಮೇಲೆ ಆ ಪುಡಿಯನ್ನು ಮತ್ತೆ ನೋಡಿದೆ. ನಿಜ, ಅವು ಉದುರಿದ ಹರಳುಗಳೇ.

ರಿಪೇರಿ ಆಗಿತ್ತು. ಕಟ್ಟುವಾಗ ಕೆಳಗಿನ ಜೋಡಣೆಯಲ್ಲಿ ಎಕ್ಸ್‌ರೇಗೆ ಗಾಳಿಗುಳ್ಳೆ ಸಿಕ್ಕಿತು ಅಂತ ಒಂದೇ ಜಾಗದಲ್ಲಿ ಮೂರು ಸಲ ಕೆರೆದು ತುಂಬಿದೆವು. ಕೆಲಸ ಬೇಗ ಮುಗಿಯಲಿ ಅಂತ ಪಾಸ್‌ಗಳ ನಡುವೆ ತಣ್ಣಗಾಗಲು ಬಿಡಲಿಲ್ಲ. ಮೇಲಿನ ಜೋಡಣೆಗೂ ಇದೇ ಪ್ಲೇಟ್, ಇದೇ ಫಿಲ್ಲರ್ ಕಡ್ಡಿ, ಅಲ್ಲಿ ಗೆರೆ ತುಂಬಾ ಮಂಕು, ಕೆರೆದರೆ ಉದುರುವುದಿಲ್ಲ. ಸೋರಿರುವುದು ಆ ಮೂರು ಸಲ ತುಂಬಿದ ಜಾಗದಲ್ಲೇ.

ಇನ್ನೊಬ್ಬರು ಆಸಿಡ್ ಪೇಸ್ಟ್ ಹಚ್ಚಿ ಪಿಕ್ಲಿಂಗ್ ಮಾಡಿ ಪ್ಯಾಸಿವೇಟ್ ಮಾಡಿದರೆ ಪೊರೆ ಮತ್ತೆ ಬರುತ್ತದೆ ಅಂದರು. ಮಾಡಬಹುದಾ?

ಗ್ರೇನ್ ನೋಡುವವಳು ಉತ್ತರ:

ಬೇಡ ಬೇಡ, ಪೇಸ್ಟ್ ಹಚ್ಚಬೇಡಿ. ಪಿಕ್ಲಿಂಗ್ ಪೇಸ್ಟ್‌ನಲ್ಲಿ ಇರುವುದು ನೈಟ್ರಿಕ್ ಮತ್ತು ಹೈಡ್ರೋಫ್ಲೋರಿಕ್ ಆಸಿಡ್. ಬಡವಾದ ಗಡಿಯನ್ನು ಅದು ಇನ್ನೂ ಬೇಗ ತಿನ್ನುತ್ತದೆ. ವೆಲ್ಡ್ ಆದ ಮೇಲೆ ಮೇಲಿನ ಬಣ್ಣ, ಕಪ್ಪು ತೆಗೆಯಲು ಅದು ಒಳ್ಳೆಯದು, ಆದರೆ ಸೆನ್ಸಿಟೈಸ್ ಆದ, ಅಂದರೆ ಹೀಗೆ ಗಡಿಯಲ್ಲಿ ಕ್ರೋಮಿಯಂ ಬಡವಾದ, ಪ್ಲೇಟ್‌ಗೆ ಅದು ಔಷಧಿ ಅಲ್ಲ. ಪೊರೆ ಕಟ್ಟಲು ಬೇಕಾದ ಕ್ರೋಮಿಯಂ ಆ ಜಾಗದಲ್ಲಿ ಇಲ್ಲವೇ ಇಲ್ಲ, ಎಷ್ಟು ಪ್ಯಾಸಿವೇಟ್ ಮಾಡಿದರೂ ಎಲ್ಲಿಂದ ಬರಬೇಕು?

ನಾನು ಲ್ಯಾಬ್‌ನಲ್ಲಿ ದಿನವೂ ಇದನ್ನೇ ನೋಡುವವಳು. ನಿಮ್ಮ ತೊಟ್ಟಿಯಿಂದ ಒಂದು ತುಂಡು, ಅರ್ಧ ವೆಲ್ಡ್ ಅರ್ಧ ಪ್ಲೇಟ್ ಬರುವ ಹಾಗೆ, ಕೊಯ್ದು ಕಳಿಸಲು ಆದರೆ ಕಳಿಸಿ. ಕೊಯ್ಯುವಾಗ ಗ್ಯಾಸ್ ಕಟಿಂಗ್, ಪ್ಲಾಸ್ಮಾ ಬೇಡ, ನೀರು ಹಾಕಿಕೊಂಡು ಗರಗಸದಲ್ಲಿ ಕೊಯ್ಯಿಸಿ, ಇಲ್ಲದಿದ್ದರೆ ಕೊಯ್ದ ಶಾಖವೇ ಸಾಕ್ಷಿಯನ್ನು ಕೆಡಿಸುತ್ತದೆ.

ಮಾಡುವ ಮೊದಲ ಪರೀಕ್ಷೆ ತುಂಬಾ ಸರಳ. ಎಎಸ್‌ಟಿಎಂ ಎ262 ಅನ್ನುವ ಪರೀಕ್ಷಾ ಮಾನದಂಡದಲ್ಲಿ ಪ್ರಾಕ್ಟೀಸ್ ಎ ಅಂತ ಇದೆ. ತುಂಡನ್ನು ಕನ್ನಡಿಯ ಹಾಗೆ ಪಾಲಿಶ್ ಮಾಡಿ, 10 ಶೇಕಡಾ ಆಕ್ಸಾಲಿಕ್ ಆಸಿಡ್‌ನಲ್ಲಿ ಮುಳುಗಿಸಿ, ಚದರ ಸೆಂಟಿಮೀಟರ್‌ಗೆ 1 ಆಂಪಿಯರ್ ಕರೆಂಟ್ ಒಂದೂವರೆ ನಿಮಿಷ ಹಾಯಿಸುವುದು. ಆಮೇಲೆ ಮೈಕ್ರೋಸ್ಕೋಪ್ ಕೆಳಗೆ ಇಡುವುದು. ಒಳ್ಳೆಯ ಪ್ಲೇಟ್ ಆದರೆ ಹರಳುಗಳ ನಡುವೆ ಮೆಟ್ಟಿಲು ಕಾಣುತ್ತದೆ, ಅಂದರೆ ಒಂದು ಹರಳು ಸ್ವಲ್ಪ ಎತ್ತರ, ಪಕ್ಕದ್ದು ಸ್ವಲ್ಪ ತಗ್ಗು, ಅಷ್ಟೇ. ಕೆಟ್ಟ ಪ್ಲೇಟ್ ಆದರೆ ಹರಳಿನ ಸುತ್ತ ಕಪ್ಪು ಕಾಲುವೆ ತೋಡಿದ ಹಾಗೆ ಕಾಣುತ್ತದೆ. ಒಂದೇ ಒಂದು ಹರಳನ್ನಾದರೂ ಕಾಲುವೆ ಪೂರ್ತಿ ಸುತ್ತಿಕೊಂಡಿದ್ದರೆ ಅದನ್ನು ಹಾಗೇ ಪಾಸ್ ಮಾಡುವ ಹಾಗಿಲ್ಲ, ಮುಂದಿನ ಪರೀಕ್ಷೆಗೆ ಕಳಿಸಬೇಕು. ವೆಲ್ಡ್‌ನಿಂದ ಶುರುಮಾಡಿ ಒಂದೊಂದೇ ಮಿ.ಮೀ. ತುಂಡನ್ನು ಸರಿಸುತ್ತಾ ಹೋದರೆ ಮೊದಲು ಮೆಟ್ಟಿಲು, ಆಮೇಲೆ ಅಲ್ಲಲ್ಲಿ ಕಾಲುವೆ, ಆಮೇಲೆ ಪೂರ್ತಿ ಕಾಲುವೆ, ಮತ್ತೆ ನಿಧಾನವಾಗಿ ಮೆಟ್ಟಿಲು. ಎಷ್ಟು ಸಲ ನೋಡಿದರೂ ನನಗೆ ಅದು ಬೇಜಾರಾಗಿಲ್ಲ. ವೆಲ್ಡರ್ ಆ ದಿನ ಎಷ್ಟು ಶಾಖ ಕೊಟ್ಟ ಅನ್ನುವುದು ಅಲ್ಲಿ ಬರೆದಿಟ್ಟ ಹಾಗೆ ಕಾಣುತ್ತದೆ.

ಕಾಲುವೆಯ ಒಳಗೆ ಯಾಕೆ ಅಷ್ಟು ಬೇಗ ತಿನ್ನುತ್ತದೆ ಅನ್ನುವುದಕ್ಕೆ ಇನ್ನೊಂದು ಕಾರಣ ಇದೆ, ಹಳೇ ವೆಲ್ಡರ್ ಅವರು ಅದನ್ನು ಹೇಳಲಿಲ್ಲ. ಹರಳಿನ ಮೈ ಪೂರ್ತಿ ಪೊರೆ ಹೊದ್ದ ದೊಡ್ಡ ಜಾಗ. ಗಡಿ ಅನ್ನುವುದು ಪೊರೆ ಇಲ್ಲದ ಸಣ್ಣ ಜಾಗ. ಎರಡೂ ಒಂದೇ ಆಸಿಡ್‌ನಲ್ಲಿ ಮುಳುಗಿವೆ, ಒಂದಕ್ಕೊಂದು ಅಂಟಿಕೊಂಡಿವೆ. ಇದೊಂದು ಬ್ಯಾಟರಿಯ ಹಾಗೆ ಕೆಲಸ ಮಾಡುತ್ತದೆ. ದೊಡ್ಡ ಜಾಗದ ಭಾರವೆಲ್ಲ ಆ ಸಣ್ಣ ಗಡಿಯ ಮೇಲೆ ಬೀಳುತ್ತದೆ. ಅದಕ್ಕೇ ಪ್ಲೇಟ್ 8 ಮಿ.ಮೀ. ಇದ್ದ ಹಾಗೇ ಇದೆ, ಗಡಿ ಮಾತ್ರ ಆಳಕ್ಕೆ ಇಳಿದಿದೆ.

ಆಕ್ಸಾಲಿಕ್‌ನಲ್ಲಿ ಅನುಮಾನ ಬಂದರೆ ಬೇರೆ ಪರೀಕ್ಷೆಗಳಿವೆ. ಪ್ರಾಕ್ಟೀಸ್ ಇ ಅಂದರೆ ತಾಮ್ರದ ಚೂರುಗಳ ಜೊತೆ ಕಾಪರ್ ಸಲ್ಫೇಟ್, ಸಲ್ಫ್ಯೂರಿಕ್ ಆಸಿಡ್ ಕಲಸಿ ಕುದಿಸಿ, ಆಮೇಲೆ ತುಂಡನ್ನು ಬಗ್ಗಿಸಿ ಹೊರಮೈಯಲ್ಲಿ ಸೀಳು ಬಂತಾ ಅಂತ ನೋಡುವುದು. ನಿಮ್ಮದು ನೈಟ್ರಿಕ್ ಆದ್ದರಿಂದ ಪ್ರಾಕ್ಟೀಸ್ ಸಿ ಸರಿಯಾದದ್ದು. 65 ಶೇಕಡಾ ಕುದಿಯುವ ನೈಟ್ರಿಕ್ ಆಸಿಡ್‌ನಲ್ಲಿ 48 ಗಂಟೆಯಂತೆ ಐದು ಸಲ, ಪ್ರತಿ ಸಲ ಹೊಸ ಆಸಿಡ್, ಪ್ರತಿ ಸಲ ತೂಕ. ಸಮಯ ಹಿಡಿಯುತ್ತದೆ, ಆದರೆ ನಿಮ್ಮ ಕೆಲಸಕ್ಕೆ ಇದಕ್ಕಿಂತ ಹತ್ತಿರದ ಪರೀಕ್ಷೆ ಇಲ್ಲ.

ಮುಂದಿನ ಸಲ ಪ್ಲೇಟ್ ತರಿಸುವಾಗ ಆರ್ಡರ್‌ನಲ್ಲೇ ಈ ಪರೀಕ್ಷೆ ಬರೆಯಿರಿ. 304 ಎಲ್ ಆದರೆ ತುಂಡನ್ನು ಮೊದಲು 675 ಡಿಗ್ರಿಯಲ್ಲಿ 1 ಗಂಟೆ ಇಟ್ಟು ಆಮೇಲೆ ಪರೀಕ್ಷೆ ಮಾಡಬೇಕು ಅಂತಲೂ ಬರೆಯಿರಿ. ಮಿಲ್‌ನಿಂದ ಬಂದ ಪ್ಲೇಟ್ ಹಾಗೇ ಪರೀಕ್ಷೆ ಮಾಡಿದರೆ ಪಾಸ್ ಆಗಿಯೇ ಆಗುತ್ತದೆ, ಅದು ಇನ್ನೂ ವೆಲ್ಡ್‌ನ ಬಿಸಿ ಕಂಡಿಲ್ಲ ಅಲ್ವಾ.

ಹಬೆ ಪೈಪು ಉತ್ತರ:

ಶೀರ್ಷಿಕೆಯಲ್ಲಿ "ಸೀಳಿತು" ಅಂತ ಬರೆದಿದ್ದೀರಿ. ಅದರ ಬಗ್ಗೆ ಒಂದು ಮಾತು. ಮೇಲಿನ ಇಬ್ಬರೂ ಹೇಳಿದ್ದು ಗಡಿ ಹಿಡಿದು ತಿನ್ನುವುದು. ಗಡಿ ಹಿಡಿದು ಸೀಳುವುದು ಅದರ ಒಡಹುಟ್ಟು, ಆದರೆ ಅದೇ ಅಲ್ಲ. ತಿನ್ನಲು ಆಸಿಡ್ ಒಂದಿದ್ದರೆ ಸಾಕು. ಸೀಳಲು ಎಳೆತವೂ ಬೇಕು.

ವೆಲ್ಡ್ ತಣ್ಣಗಾಗುವಾಗ ಕುಗ್ಗುತ್ತದೆ, ಪಕ್ಕದ ಪ್ಲೇಟನ್ನು ಎಳೆಯುತ್ತದೆ. ಹೊರಗಿನ ಭಾರ ಏನೂ ಇಲ್ಲದಿದ್ದರೂ ಆ ಎಳೆತ ಅಲ್ಲೇ ಉಳಿದುಬಿಡುತ್ತದೆ. ಬಡವಾದ ಗಡಿ, ಎಳೆತ, ತಿನ್ನುವ ನೀರು, ಮೂರೂ ಒಂದೇ ಜಾಗದಲ್ಲಿ ಸೇರಿದರೆ ಸೀಳು ಹರಳುಗಳ ನಡುವೆ ಅಂಕುಡೊಂಕಾಗಿ ನುಗ್ಗುತ್ತದೆ. ಮೂರರಲ್ಲಿ ಒಂದನ್ನು ತೆಗೆದರೂ ನಿಲ್ಲುತ್ತದೆ.

ಇದಕ್ಕೆ ಆಸಿಡ್ಡೇ ಬೇಕು ಅಂತ ಏನಿಲ್ಲ. ಕುದಿಯುವ ನೀರಿನ ಪರಮಾಣು ರಿಯಾಕ್ಟರ್‌ಗಳ ವಿಷಯ ಕೇಳಿರಬಹುದು. ಅಲ್ಲಿ ಇರುವುದು ಶುದ್ಧಾತಿಶುದ್ಧ ನೀರು, 288 ಡಿಗ್ರಿ, ಅದರಲ್ಲಿ ಆಕ್ಸಿಜನ್ ಇರುವುದು ಸುಮಾರು ನೂರು ಕೋಟಿಗೆ 200 ಪಾಲು. ಅಷ್ಟಕ್ಕೇ 304 ಪೈಪುಗಳ ವೆಲ್ಡ್ ಪಕ್ಕ ಸೀಳತೊಡಗಿದವು. 1970ರ ದಶಕದಲ್ಲಿ ಸಣ್ಣ ಪೈಪುಗಳಲ್ಲಿ ಹೆಚ್ಚಾಗಿ ಕಂಡಿತು, ದೊಡ್ಡ ಪೈಪಿಗೆ ಬರುವುದಿಲ್ಲ ಅಂತ ಅಂದುಕೊಂಡಿದ್ದರು, 1982ರಲ್ಲಿ ಅಮೆರಿಕದ ನೈನ್ ಮೈಲ್ ಪಾಯಿಂಟ್ 1ರಲ್ಲಿ ದೊಡ್ಡ ಪೈಪುಗಳಲ್ಲೂ ಸಿಕ್ಕಿತು, ಪೈಪುಗಳನ್ನೇ ಬದಲಿಸಬೇಕಾಯಿತು. ಆಮೇಲೆ ಮೂರನ್ನೂ ಒಂದೊಂದಾಗಿ ಹಿಡಿದರು. ಇಂಗಾಲ ತೀರಾ ಕಡಿಮೆ ಮಾಡಿ, ಹೋದ ಬಲಕ್ಕೆ ಬದಲಾಗಿ ಸಾರಜನಕ ಸೇರಿಸಿದ 316 ಎನ್‌ಜಿ ತಂದರು. ನೀರಿಗೆ ಹೈಡ್ರೋಜನ್ ಬಿಟ್ಟು ಆಕ್ಸಿಜನ್ ಇಳಿಸಿದರು. ಪೈಪಿನ ಒಳಗೆ ನೀರು ಹರಿಯುತ್ತಿರುವಾಗ ಹೊರಗಿನಿಂದ ಕಾಯಿಸಿ ಒಳಮೈಯ ಎಳೆತವನ್ನು ಒತ್ತಡವಾಗಿ ತಿರುಗಿಸಿದರು. ಆ ಕೊನೆಯ ಉಪಾಯ ನನಗೆ ಇವತ್ತಿಗೂ ಬಹಳ ಇಷ್ಟ. ವೆಲ್ಡ್ ಕೊಟ್ಟ ಎಳೆತವನ್ನು ಶಾಖದಿಂದಲೇ ವಾಪಸ್ ತೆಗೆದ ಹಾಗಾಯಿತು.

ನಾನು ಕೆಲಸ ಮಾಡಿದ್ದು ಎಣ್ಣೆ ಶುದ್ಧಿ ಮಾಡುವ ಘಟಕದಲ್ಲಿ, ಅಲ್ಲಿ ನೋಡಿದ್ದು ಬೇರೆ ಥರ. ಘಟಕ ಓಡುತ್ತಿರುವಾಗ ಏನೂ ಆಗುವುದಿಲ್ಲ. ರಿಪೇರಿಗೆ ಅಂತ ನಿಲ್ಲಿಸಿ ಬಾಗಿಲು ತೆಗೆದ ಮೇಲೆ ಸೀಳುತ್ತದೆ! ಒಳಗೆ ಕಬ್ಬಿಣದ ಸಲ್ಫೈಡ್ ಹಕ್ಕಳೆ ಕಟ್ಟಿರುತ್ತದೆ, ಅದಕ್ಕೆ ಗಾಳಿ ಮತ್ತು ತೇವ ತಾಗಿದರೆ ಪಾಲಿಥಯೋನಿಕ್ ಆಸಿಡ್ ಆಗುತ್ತದೆ. ತಣ್ಣಗಿರುವ ಪೈಪೇ ಗಂಟೆಗಳಲ್ಲಿ ಸೀಳಬಹುದು. ಹಾಗಾಗಿ ತೆರೆಯುವ ಮೊದಲೇ ಸೋಡಾ ಆ್ಯಶ್ ಕಲಸಿದ ನೀರು ತುಂಬಿ ತೊಳೆಯುತ್ತೇವೆ. ನನ್ನ ಪಾಳಿಯಲ್ಲಿ ಒಮ್ಮೆ ಒಂದು ಬಾಗು ಪೈಪಿಗೆ ಆ ನೀರು ತಲುಪಿರಲಿಲ್ಲ, ಗಾಳಿ ಸಿಕ್ಕಿಕೊಂಡಿತ್ತು. ಮರುದಿನ ಅದರ ಮೇಲೆ ಡೈ ಪೆನೆಟ್ರೆಂಟ್ ಹಾಕಿದರೆ ಜೇಡರ ಬಲೆ. ಪಕ್ಕದ ಪೈಪು ಅದೇ ವಯಸ್ಸು, ಅದೇ ಗ್ರೇಡ್, ಅದಕ್ಕೆ ಏನೂ ಆಗಿರಲಿಲ್ಲ.

ಇದನ್ನು ಕ್ಲೋರೈಡ್ ಸೀಳಿನ ಜೊತೆ ಕಲಸಬೇಡಿ. ಉಪ್ಪಿನ ಅಂಶ ಇರುವ ಬಿಸಿ ನೀರಿನಲ್ಲಿ ಬರುವ ಸೀಳು ಸಾಮಾನ್ಯವಾಗಿ ಹರಳಿನ ನಡುವೆ ಅಲ್ಲ, ಹರಳನ್ನೇ ಕತ್ತರಿಸಿಕೊಂಡು, ಮರದ ಕೊಂಬೆಯ ಹಾಗೆ ಕವಲೊಡೆಯುತ್ತಾ ಹೋಗುತ್ತದೆ. ಅದಕ್ಕೆ 304 ಎಲ್ ಹಾಕಿದರೆ ಪ್ರಯೋಜನ ಇಲ್ಲ. ನಿಮ್ಮದು ಯಾವುದು ಅಂತ ಮೈಕ್ರೋಸ್ಕೋಪ್‌ನಲ್ಲಿ ನೋಡಿಯೇ ಮುಂದಿನ ಪ್ಲೇಟ್ ಆರಿಸಿ.

ತೊಟ್ಟಿ ಕೆಲಸ ಉತ್ತರ:

ತುಂಡು ಕೊಯ್ಸಿ ಲ್ಯಾಬ್‌ಗೆ ಕಳಿಸಿದ್ದೆ. ಗರಗಸದಲ್ಲೇ ಕೊಯ್ಸಿದೆ ಮೇಡಂ, ನೀರು ಹಾಕಿಕೊಂಡು. ಇವತ್ತು ಫೋಟೋ ಬಂತು. ನೀವು ಹೇಳಿದ ಹಾಗೇ ವೆಲ್ಡ್‌ನಿಂದ 3 ಮಿ.ಮೀ.ವರೆಗೆ ಮೆಟ್ಟಿಲು, 4ರಿಂದ 6ರವರೆಗೆ ಪೂರ್ತಿ ಕಾಲುವೆ. ಕೆಲವು ಹರಳುಗಳು ಇದ್ದ ಜಾಗ ಖಾಲಿ, ಕಪ್ಪು ಗುಳಿ. ಸೀಳೂ ಗಡಿ ಹಿಡಿದೇ ಹೋಗಿದೆ, ಒಂದು ಹರಳನ್ನೂ ಕತ್ತರಿಸಿಲ್ಲ. ಮೇಲಿನ ಜೋಡಣೆಯ ತುಂಡಿನಲ್ಲಿ ಕಾಲುವೆ ಅಲ್ಲಲ್ಲಿ ಮಾತ್ರ. ಒಂದೇ ಪ್ಲೇಟ್, ಒಂದೇ ಆಸಿಡ್. ವ್ಯತ್ಯಾಸ ನಾವು ಕೊಟ್ಟ ಬಿಸಿ ಮಾತ್ರ. ಅದನ್ನು ನಮ್ಮ ವೆಲ್ಡರ್‌ಗೂ ತೋರಿಸಿದೆ, ಅವನು ಆ ಫೋಟೋವನ್ನು ಬಹಳ ಹೊತ್ತು ನೋಡಿದ.

ಈಗ ದಾರಿ ಹೇಳಿ. ಮೂರು ಯೋಚನೆ ಇದೆ. ಇಡೀ ತೊಟ್ಟಿಯನ್ನು ಮತ್ತೆ ಕಾಯಿಸುವುದು, ಕೆಟ್ಟ ಪಟ್ಟಿಯನ್ನು ಕೊಯ್ದು 304 ಎಲ್ ಪಟ್ಟಿ ಕೂರಿಸುವುದು, ಅಥವಾ ಹೊಸದಾಗಿ 316 ಎಲ್‌ನಲ್ಲಿ ಕಟ್ಟುವುದು. 316 ಜಾಸ್ತಿ ಒಳ್ಳೆಯದು ಅಲ್ವಾ?

ಹಳೇ ವೆಲ್ಡರ್ ಉತ್ತರ:

ಕಾಯಿಸುವುದು ಲೆಕ್ಕದಲ್ಲಿ ಸರಿ. 1040 ಡಿಗ್ರಿ ದಾಟಿಸಿ ಹಿಡಿದು ನೀರಿಗೆ ಹಾಕಿದರೆ ಕಾರ್ಬೈಡ್ ಕರಗಿ ಕ್ರೋಮಿಯಂ ವಾಪಸ್ ಹರಡುತ್ತದೆ. ಸಣ್ಣ ಎರಕದ ಭಾಗಕ್ಕೆ, ಪೈಪಿನ ತುಂಡಿಗೆ ಇದನ್ನೇ ಮಾಡುವುದು. ಆದರೆ 8 ಮಿ.ಮೀ. ಗೋಡೆಯ ತೊಟ್ಟಿಯನ್ನು ಅಷ್ಟು ಕಾಯಿಸಿ ನೀರಿಗೆ ಹಾಕಿದರೆ ಅದು ತೊಟ್ಟಿಯ ಆಕಾರದಲ್ಲಿ ಉಳಿಯುವುದಿಲ್ಲ. ನಿಧಾನವಾಗಿ ತಣ್ಣಗೆ ಮಾಡೋಣ ಅಂದರೆ ಮತ್ತೆ ಅದೇ 850-450ರ ನಡುವೆ ಕೂರುತ್ತದೆ, ಈ ಸಲ ಇಡೀ ತೊಟ್ಟಿಯೇ ಕೆಡುತ್ತದೆ. ಅದೂ ಅಲ್ಲದೆ ತಿಂದು ಹೋದ ಗಡಿ ಮತ್ತೆ ಅಂಟುವುದಿಲ್ಲ.

ಪಟ್ಟಿ ಕೂರಿಸುವುದರಲ್ಲಿ ಒಂದು ತೊಡಕು ಇದೆ. ಹೊಸ ಪಟ್ಟಿ 304 ಎಲ್ ಆಗಿರುತ್ತದೆ, ಅದರ ಪಕ್ಕ ಏನೂ ಆಗುವುದಿಲ್ಲ. ಆದರೆ ಜೋಡಣೆಯ ಆ ಕಡೆ ಇರುವುದು ಹಳೆಯ 304 ತಾನೆ? 0.065 ಇಂಗಾಲ ಅಲ್ಲಿ ಕಾಯುತ್ತಾ ಕೂತಿದೆ. ಕಡಿಮೆ ಕರೆಂಟ್, ಸಣ್ಣ ಬೀಡ್, ಪಾಸ್‌ಗಳ ನಡುವೆ 150 ಡಿಗ್ರಿಗಿಂತ ಕೆಳಗೆ ಇಳಿಯುವವರೆಗೆ ಕಾಯುವುದು, ಇಷ್ಟು ಮಾಡಿದರೆ ನಿಮ್ಮ ಮೇಲಿನ ಜೋಡಣೆಯಷ್ಟು ಬಾಳಬಹುದು. ಬೇರೆ ಕೆಲಸಕ್ಕಾದರೆ ಸಾಕು ಅನ್ನುತ್ತಿದ್ದೆ. ಬಿಸಿ ನೈಟ್ರಿಕ್‌ಗೆ ನಾನು ಒಪ್ಪುವುದಿಲ್ಲ. ನಾಲ್ಕು ಕಡೆ ಪಟ್ಟಿ ಹಾಕಿ, ಎಕ್ಸ್‌ರೇ ತೆಗೆಸಿ, ಮತ್ತೆ ಪರೀಕ್ಷೆ ಮಾಡಿಸಿ, ಮೂಗಿಗಿಂತ ಮೂಗುತಿ ಭಾರ ಆಗುತ್ತದೆ.

ಹೊಸದಾಗಿ ಕಟ್ಟಿ. 304 ಎಲ್ ಪ್ಲೇಟ್, ಇಂಗಾಲ 0.03ಕ್ಕಿಂತ ಮೇಲೆ ಹೋಗಬಾರದು. ಫಿಲ್ಲರ್ 308 ಎಲ್. 0.06-0.08 ಇಂಗಾಲ ಇದ್ದರೆ 700 ಡಿಗ್ರಿಯ ಹತ್ತಿರ ಕೆಲವೇ ನಿಮಿಷದಲ್ಲಿ ಗಡಿ ಕೆಡುತ್ತದೆ, 0.03ಕ್ಕೆ ಇಳಿದರೆ ಗಂಟೆಗಟ್ಟಲೆ ಬೇಕು. ಯಾವ ವೆಲ್ಡರ್ ಕೂಡ ಒಂದು ಜಾಗದಲ್ಲಿ ಗಂಟೆಗಟ್ಟಲೆ ಬಿಸಿ ಹಿಡಿಯುವುದಿಲ್ಲ.

ಇನ್ನೊಂದು ಎಚ್ಚರ. ಎಲ್ ಪ್ಲೇಟ್ ತಂದು ಅಂಚಿನ ಎಣ್ಣೆ, ಗ್ರೀಸ್ ಒರೆಸದೆ ವೆಲ್ಡ್ ಮಾಡಿದರೆ ಅಲ್ಲಿಂದಲೇ ಇಂಗಾಲ ಒಳಗೆ ಹೋಗುತ್ತದೆ. ಮಿಗ್ (ತಂತಿ ಮತ್ತು ಗ್ಯಾಸ್ ಬಿಟ್ಟು ಮಾಡುವ ವೆಲ್ಡ್) ಮಾಡುವುದಾದರೆ ಕಾರ್ಬನ್ ಡೈಆಕ್ಸೈಡ್ ಜಾಸ್ತಿ ಇರುವ ಗ್ಯಾಸ್ ಬೇಡ. ಕಡಿಮೆ ಇಂಗಾಲಕ್ಕೆ ಅಂತ ಜಾಸ್ತಿ ದುಡ್ಡು ಕೊಟ್ಟು, ನಾವೇ ಇಂಗಾಲ ಊದಿದ ಹಾಗಾಗುತ್ತದೆ.

ಗ್ರೇನ್ ನೋಡುವವಳು ಉತ್ತರ:

316 ಎಲ್ ಬಗ್ಗೆ: ನೈಟ್ರಿಕ್ ಆಸಿಡ್‌ಗೆ ಅದು ಬೇಡ. 316ರಲ್ಲಿ ಇರುವ ಮಾಲಿಬ್ಡಿನಂ ಉಪ್ಪಿನ ನೀರಿಗೆ ಒಳ್ಳೆಯದು, ಬಿಸಿ ನೈಟ್ರಿಕ್‌ನಲ್ಲಿ ಅದರಿಂದ ಲಾಭ ಇಲ್ಲ. ಅದಕ್ಕಿಂತ ಮುಖ್ಯ, ಮಾಲಿಬ್ಡಿನಂ ಇದ್ದರೆ ಗಡಿಯಲ್ಲಿ ಸಿಗ್ಮಾ ಅನ್ನುವ ಇನ್ನೊಂದು ಕ್ರೋಮಿಯಂ ತುಂಬಿದ ಕಣ ಕಟ್ಟುವುದು ಸುಲಭ, ಬಿಸಿ ನೈಟ್ರಿಕ್ ಅದನ್ನೂ ಹುಡುಕಿ ತಿನ್ನುತ್ತದೆ. ಇಂಗಾಲ ಕಡಿಮೆ ಇದ್ದರೂ ಅದು ಆಗುತ್ತದೆ. ನಂಬರ್ ದೊಡ್ಡದು, ಬೆಲೆ ಜಾಸ್ತಿ ಅಂತ ಒಳ್ಳೆಯದು ಆಗುವುದಿಲ್ಲ, ಒಳಗೆ ಏನು ತುಂಬುತ್ತೀರಿ ಅನ್ನುವುದರ ಮೇಲೆ ಇದೆ.

ಹಳೇ ವೆಲ್ಡರ್ ಅವರ ಮಾತಿಗೆ ಒಂದು ಸೇರಿಸಬೇಕು. ಎಲ್ ಇದ್ದರೆ ಯಾವಾಗಲೂ ಭಯ ಇಲ್ಲ ಅಂತ ಯಾರೂ ತಿಳಿಯಬಾರದು. ವೆಲ್ಡ್‌ನ ಕೆಲವು ನಿಮಿಷದ ಬಿಸಿಗೆ ಅದು ಸಾಕು. ಆದರೆ ಯಂತ್ರವೇ 500-600 ಡಿಗ್ರಿಯಲ್ಲಿ ವರ್ಷಗಟ್ಟಲೆ ಓಡುವುದಾದರೆ 0.03 ಇಂಗಾಲವೂ ನಿಧಾನವಾಗಿ ಗಡಿಗೆ ಬಂದು ಸೇರುತ್ತದೆ. ಅಂಥ ಕಡೆ ಟೈಟಾನಿಯಂ ಇರುವ 321 ಅಥವಾ ನಿಯೋಬಿಯಂ ಇರುವ 347 ಹಾಕುತ್ತಾರೆ. ಇಂಗಾಲಕ್ಕೆ ಕ್ರೋಮಿಯಂಗಿಂತ ಟೈಟಾನಿಯಂ, ನಿಯೋಬಿಯಂ ಜಾಸ್ತಿ ಇಷ್ಟ. ಅವು ಮೊದಲೇ ಇಂಗಾಲವನ್ನು ಕಟ್ಟಿಹಾಕುತ್ತವೆ, ಕ್ರೋಮಿಯಂ ಉಳಿಯುತ್ತದೆ.

ಅವಕ್ಕೂ ಒಂದು ತೊಂದರೆ ಇದೆ. ವೆಲ್ಡ್‌ಗೆ ತಾಗಿಕೊಂಡಿರುವ ಕೂದಲೆಳೆಯ ಜಾಗದಲ್ಲಿ ಶಾಖ ಎಷ್ಟು ಏರುತ್ತದೆ ಅಂದರೆ ಟೈಟಾನಿಯಂ ಕಾರ್ಬೈಡ್ ಕೂಡ ಕರಗಿ ಇಂಗಾಲ ಬಿಡುಗಡೆ ಆಗುತ್ತದೆ. ಆಮೇಲೆ ಆ ಜಾಗ ಮತ್ತೆ 650ರ ಹತ್ತಿರ ಬಿಸಿಯಾದರೆ ಇಂಗಾಲ ಈ ಸಲ ಕ್ರೋಮಿಯಂ ಹಿಡಿಯುತ್ತದೆ. ಚಾಕುವಿನಿಂದ ಗೀರಿದ ಹಾಗೆ ಬೀಡ್ ಅಂಚಿನಲ್ಲೇ ಒಂದು ಸಪೂರ ಗೆರೆ. ಇದನ್ನು ನೈಫ್ ಲೈನ್ ಅಂತಾರೆ. ಗೆರೆ ಬೀಡ್‌ಗೆ ತಾಗಿದ್ದರೆ ನೈಫ್ ಲೈನ್ ಇರಬಹುದಾ ಅಂತ ನೋಡಿ, ಕೆಲವು ಮಿ.ಮೀ. ದೂರ ಇದ್ದರೆ ನಿಮ್ಮ ಥರದ್ದು. ಬರಿಗಣ್ಣಿಗೇ ಅರ್ಧ ಉತ್ತರ ಸಿಗುತ್ತದೆ.

ತೊಟ್ಟಿ ಕೆಲಸ ಉತ್ತರ:

ನಿರ್ಧಾರ ಆಯಿತು. 304 ಎಲ್‌ನಲ್ಲಿ ಹೊಸ ತೊಟ್ಟಿ. ಆರ್ಡರ್‌ನಲ್ಲಿ ಇಂಗಾಲ 0.03 ಒಳಗೆ, 675 ಡಿಗ್ರಿ 1 ಗಂಟೆ ಕಾಯಿಸಿದ ಮೇಲೆ ಪ್ರಾಕ್ಟೀಸ್ ಸಿ ಅಂತ ಬರೆದಿದ್ದೇನೆ. ಪ್ಲೇಟ್ ಬಂದ ಮೇಲೆ ಕಿಡಿ ಹಾರಿಸಿ ಪ್ರತಿಯೊಂದನ್ನೂ ನಾವೇ ಇಂಗಾಲ ನೋಡುತ್ತೇವೆ. ವೆಲ್ಡರ್ ತಾನೇ ಕೇಳಿ ಒಂದು ಟೆಂಪರೇಚರ್ ಚಾಕ್ ತರಿಸಿಕೊಂಡಿದ್ದಾನೆ, 150 ಡಿಗ್ರಿಯದ್ದು. ಕರಗಿದರೆ ನಿಲ್ಲಿಸು, ಕರಗದಿದ್ದರೆ ಮುಂದಿನ ಪಾಸ್.

ಒಂದೇ ಒಂದು ಪ್ರಶ್ನೆ ಉಳಿದಿದೆ. ಈ ಸಲವೂ ಎಕ್ಸ್‌ರೇಯಲ್ಲಿ ಗುಳ್ಳೆ ಬಂದರೆ ಎಷ್ಟು ಸಲ ರಿಪೇರಿ ಮಾಡಬಹುದು?

ಹಳೇ ವೆಲ್ಡರ್ ಉತ್ತರ:

ಒಂದು ಸಲ. ಹೆಚ್ಚೆಂದರೆ ಎರಡು, ಅದೂ ಪೂರ್ತಿ ತಣ್ಣಗಾದ ಮೇಲೆ. ಎಲ್ ಪ್ಲೇಟ್‌ಗೂ ಇದೇ ಹೇಳುತ್ತೇನೆ. ಮೂರನೆಯ ಸಲ ಬೇಕು ಅನಿಸಿದರೆ ಆ ಜಾಗವನ್ನು ಎರಡೂ ಕಡೆ ಹಳೆಯ ಬಿಸಿ ತಾಗಿದ ಪಟ್ಟಿ ಸೇರಿಸಿ ಕೊಯ್ದು ತೆಗೆದು ಹೊಸ ತುಂಡು ಕೂರಿಸಿ. ಮೊದಲ ಸಲವೇ ಗುಳ್ಳೆ ಬರದ ಹಾಗೆ ಮಾಡಲು ಆರ್ಗಾನ್ ಹೋಸ್‌ನಲ್ಲಿ ಎಲ್ಲಾದರೂ ಗಾಳಿ ಎಳೆಯುತ್ತಿದೆಯಾ ನೋಡಿ. ಮೂರು ಸಲ ಒಂದೇ ಕಡೆ ಗುಳ್ಳೆ ಬಂತು ಅಂದಿರಲ್ಲ, ನನಗೆ ಮೊದಲಿಂದಲೂ ಅನುಮಾನ ಅದರ ಮೇಲೇ ಇದೆ.